ರಟ್ಟಿನ ಬಿಲ್ಲೆ

"ಇದು ಬಿಯರ್ ಅಲ್ಲ ಮೇಷ್ಟ್ರೇ, ಜ್ವರ ಬಂದವರಿಗೆ ಕುಡಿಸೋ ಸಾರು," ಎಂದಳು ಇರ್ಮಾ, ಪುಟ್ಟ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು.

"ಸಾರನ್ನ ಯಾಕೆ ಬಯ್ತೀರಿ ಮೇಡಂ? ಪಾಪ, ಅದು ನಿಮಗೇನು ಮಾಡಿತ್ತು?" ಎಂದ ಸೆವೆರಿನ್.

ಇಬ್ಬರ ನಡುವೆ ಉದ್ದನೆಯ ಮರದ ಹಲಗೆ. ಹಲಗೆಯ ಗುಳಿಗಳಲ್ಲಿ ಎರಡು ಗುಟುಕು ಹಿಡಿಯುವಂಥ ಲೋಟಗಳು. ಒಂದರಲ್ಲಿ ಉಪ್ಪು, ಕೊತ್ತಂಬರಿ ಬೀಜ ಹಾಕಿ ಮಾಡಿದ ಲೈಪ್‌ಜಿಗ್ ಕಡೆಯ ಹುಳಿ ಬಿಯರ್. ಇನ್ನೊಂದರಲ್ಲಿ ಹೊಗೆಯಲ್ಲಿ ಒಣಗಿಸಿದ ಮೊಳಕೆ ಬಾರ್ಲಿಯ ಬಾಂಬರ್ಗ್ ಬಿಯರ್. ಮತ್ತೊಂದರಲ್ಲಿ ಆ ಪುಟ್ಟ ಬ್ರೂವರಿಯ ಒಡತಿ ಸಿಲ್ಕೆ ತಾನೇ ಮಾಡಿದ, ಮಾವಿನಹಣ್ಣಿನ ವಾಸನೆ ಬೀರುವ, ಕದಡಿದ ಕಹಿ ಬಿಯರ್.

"ಈ ಹೊಗೆಯದು?" ಎಂದು ಕೇಳಿದ ಸೆವೆರಿನ್.

ಇರ್ಮಾ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. "ಬೆಂಕಿ ಬಿದ್ದ ಮನೆಯೊಳಗೆ ನುಗ್ಗಿ, ಸುಟ್ಟುಹೋದ ಹಂದಿಮಾಂಸ ನೆಕ್ಕಿದ ಹಾಗಿದೆ."

"ಬೆಂಕಿ ಆರಿಸೋರಿಗೆ ಸಂಬಳದ ಜೊತೆ ಕೊಡಬಹುದು."

"ಅವರೂ ಕೆಲಸ ಬಿಟ್ಟು ಓಡ್ತಾರೆ."

ಸಿಲ್ಕೆ ಕೌಂಟರಿನ ಹಿಂದಿನಿಂದಲೇ ಕೂಗಿದಳು. "ನನ್ನದಕ್ಕೆ ಏನಂತೀರಿ? ಇವತ್ತಾದ್ರೂ ಒಂದು ಒಳ್ಳೇ ಮಾತು ಬರುತ್ತಾ ನಿಮ್ಮ ಬಾಯಲ್ಲಿ?"

"ಪಾಯಸ ಅಂತ ಬರೆದು ಮಾರಮ್ಮ, ಚೆನ್ನಾಗಿ ಹೋಗುತ್ತೆ," ಎಂದಳು ಇರ್ಮಾ. ಹಾಗೆಂದವಳೇ ಆ ಲೋಟವನ್ನೂ ಕೊನೆಯ ಹನಿಯವರೆಗೆ ಕುಡಿದು ಹಲಗೆಯ ಮೇಲಿಟ್ಟಳು. ಅವಳ ಅಭ್ಯಾಸವೇ ಅದು. ಬಯ್ಯುವುದು, ಬಯ್ಯುತ್ತ ಖಾಲಿ ಮಾಡುವುದು.

ಅವರಿಬ್ಬರೂ ಲೆವರ್‌ಕೂಸನ್‌ನ ಒಂದೇ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ಇರ್ಮಾ ಭೂಗೋಳ, ಸೆವೆರಿನ್ ರಸಾಯನಶಾಸ್ತ್ರ. ಅವಳು ಬೆಳಗಿನ ರೈಲಿಗೆ ಉತ್ತರದ ಡ್ಯುಸೆಲ್ಡಾರ್ಫ್‌ನಿಂದ ಬರುತ್ತಿದ್ದಳು, ಅವನು ದಕ್ಷಿಣದ ಕೋಲ್ನ್‌ನಿಂದ. ರೈನ್ ನದಿಯ ದಂಡೆಯ ಆ ಎರಡು ಊರುಗಳು ಅತ್ತಿಗೆ ನಾದಿನಿಯರಂತೆ. ಒಬ್ಬಳ ಅಡುಗೆ ಇನ್ನೊಬ್ಬಳ ಬಾಯಿಗೆ ಸೇರದು. ಡ್ಯುಸೆಲ್ಡಾರ್ಫ್‌ನವರು ಕುಡಿಯುವುದು ತಾಮ್ರದ ಬಣ್ಣದ ಆಲ್ಟ್. ಕೋಲ್ನ್‌ನವರದು ಹೊಂಬಣ್ಣದ ತೆಳ್ಳನೆಯ ಕೋಲ್ಷ್. ಆಲ್ಟನ್ನು ಕೋಲ್ನ್‌ನವರು ಮೋರಿ ನೀರು ಎನ್ನುತ್ತಾರೆ, ಕೋಲ್ಷನ್ನು ಡ್ಯುಸೆಲ್ಡಾರ್ಫ್‌ನವರು ಕುದುರೆಯ ಉಚ್ಚೆ ಎನ್ನುತ್ತಾರೆ. ಮಕ್ಕಳು ಮಗ್ಗಿ ಕಲಿಯುವ ಮೊದಲೇ ಇದನ್ನು ಕಲಿತಿರುತ್ತಾರೆ.

ಸ್ಟಾಫ್ ರೂಮಿನಲ್ಲಿ ಮೊದಲ ಸಲ ಮಾತಾಡಿದ್ದೇ ಜಗಳಕ್ಕೆ. ಅವನ ಟಿಫಿನ್ ಡಬ್ಬಿಯ ಮೇಲೆ ಕೋಲ್ನ್ ಚರ್ಚಿನ ಜೋಡಿ ಗೋಪುರದ ಚಿತ್ರವಿತ್ತು. "ಇಷ್ಟು ಶತಮಾನ ಕಟ್ಟಿದರೂ ಮುಗಿಯದ ಕೆಲಸವನ್ನ ಹೆಮ್ಮೆಯಿಂದ ಡಬ್ಬಿ ಮೇಲೆ ಅಂಟಿಸ್ಕೊಳ್ಳೋ ಜನ ನೀವೊಬ್ಬರೇ," ಎಂದಿದ್ದಳು ಇರ್ಮಾ. "ಶುರು ಮಾಡೋಕೆ ಏನೂ ಇಲ್ಲದ ಊರಿನವರಿಗೆ ಮುಗಿಸೋ ಕಷ್ಟ ಗೊತ್ತಿರಲ್ಲ ಮೇಡಂ," ಎಂದಿದ್ದ ಅವನು, ತಲೆ ಕೂಡ ಎತ್ತದೆ. ಆ ಶುಕ್ರವಾರ ಶಾಲೆ ಬಿಟ್ಟ ಮೇಲೆ ಇಬ್ಬರೂ ಮಾತು ಮುಗಿಸಲೆಂದು ಸಿಲ್ಕೆಯ ಬ್ರೂವರಿಗೆ ಹೋದರು. ಮಾತು ಮುಗಿಯಲಿಲ್ಲ. ಶುಕ್ರವಾರಗಳು ವರ್ಷಗಳಾದವು.

ಅವರ ನಡುವೆ ಒಂದು ಒಪ್ಪಂದವಿತ್ತು. ಜಗತ್ತಿನ ಯಾವ ಬಿಯರನ್ನಾದರೂ ರುಚಿ ನೋಡಬಹುದು, ಆಲ್ಟ್ ಮತ್ತು ಕೋಲ್ಷ್ ಮಾತ್ರ ಬೇಡ. ಬೆಲ್ಜಿಯಂನ ಸನ್ಯಾಸಿಗಳದು, ಬರ್ಲಿನ್ನಿನ ಹುಳಿಯದು, ಇಂಗ್ಲಿಷರ ಕಪ್ಪನೆಯದು, ಗಡ್ಡ ಬಿಟ್ಟ ಹೊಸ ಹುಡುಗರು ಕಾಫಿ ಬೀಜ ಹಾಕಿ, ಚಾಕಲೇಟ್ ಹಾಕಿ ಮಾಡಿದ್ದು, ಎಲ್ಲವೂ ಆ ಹಲಗೆಯ ಮೇಲೆ ಬಂದು ಹೋಗಿತ್ತು. ಒಂದಕ್ಕೂ ಇಬ್ಬರಿಂದಲೂ ಒಳ್ಳೆಯ ಮಾತು ಸಿಕ್ಕಿರಲಿಲ್ಲ. ಬಯ್ಯುವುದರಲ್ಲಿ ಅಷ್ಟು ಹೊಂದಾಣಿಕೆ ಇದ್ದ ಇನ್ನೊಂದು ಜೋಡಿಯನ್ನು ಸಿಲ್ಕೆ ಕಂಡಿರಲಿಲ್ಲ.

ಹಾಗೆ ಬಯ್ಯುತ್ತಲೇ ಸೆವೆರಿನ್ ಬಾಗಿಲ ಗಾಳಿ ಬೀಸುವ ಕಡೆಯ ಕುರ್ಚಿಯನ್ನು ತಾನು ಹಿಡಿಯುತ್ತಿದ್ದ. ಅವಳ ಬಲ ಭುಜ ತಂಪಿಗೆ ನೋಯುತ್ತದೆಂದು ಅವಳು ಹೇಳಿರಲಿಲ್ಲ, ಅವನು ಕೇಳಿಯೂ ಇರಲಿಲ್ಲ. ಪ್ರೆಟ್ಜೆಲ್ ಎಂಬ ಗಂಟು ಬ್ರೆಡ್ಡು ಬಂದರೆ ಅದರ ಮೇಲಿನ ಉಪ್ಪಿನ ಹರಳುಗಳನ್ನು ಚಾಕುವಿನಿಂದ ಕೆರೆದು, ಆಮೇಲೆ ಅವಳ ಕಡೆ ತಳ್ಳುತ್ತಿದ್ದ. ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದದ್ದನ್ನು ಅವಳು ಸ್ಟಾಫ್ ರೂಮಿನಲ್ಲಿ ಬೇರೆ ಯಾರಿಗೋ ಹೇಳಿದ್ದಳು, ಅಷ್ಟೇ.

"ಇಷ್ಟು ಚೆನ್ನಾಗಿ ಕೆರೀತೀರಲ್ಲ, ಹಳೇ ಗೋಡೆಗೆ ಸುಣ್ಣ ಬಳಿಯೋರಾಗಬೇಕಿತ್ತು ನೀವು," ಎನ್ನುತ್ತಿದ್ದಳು ಇರ್ಮಾ. ಥ್ಯಾಂಕ್ಸ್ ಎಂಬ ಪದ ಅವಳ ಗಂಟಲಿನವರೆಗೆ ಬಂದು ಅಲ್ಲೇ ಉಳಿಯುತ್ತಿತ್ತು.

ಅದಕ್ಕೊಂದು ಕಾರಣವಿತ್ತು. ಒಂದು ಕಾಲಕ್ಕೆ ಅವಳಿಗೆ ಮದುವೆಯಾಗಿತ್ತು. ಗಂಡ ಎಲ್ಲವನ್ನೂ ಹೊಗಳುತ್ತಿದ್ದ. ಅವಳ ಅಡುಗೆ ಅದ್ಭುತ, ಅವಳ ನಗು ಅದ್ಭುತ, ಅವಳಿಲ್ಲದೆ ಬದುಕೇ ಇಲ್ಲ. ಅರ್ಧ ತಿಂದ ತಟ್ಟೆಯ ಮುಂದೆ ಕೂತು ಅದ್ಭುತ ಎನ್ನುತ್ತಿದ್ದವನು ಒಂದು ದಿನ ಹಾಗೆಯೇ, ಅದ್ಭುತ ಎನ್ನುತ್ತಲೇ, ಎದ್ದು ಹೋದ. ಅಲ್ಲಿಂದೀಚೆಗೆ ಇರ್ಮಾಗೆ ಸಿಹಿ ಮಾತೆಂದರೆ ಅಲರ್ಜಿ. ಯಾರಾದರೂ ಹೊಗಳಿದರೆ ಅವಳು ಮೊದಲು ಅವರ ತಟ್ಟೆಯತ್ತ ನೋಡುತ್ತಿದ್ದಳು.

"ಒಂದು ಮಾತು," ಎಂದ ಸೆವೆರಿನ್ ಅಂದು, ಕನ್ನಡಕ ತೆಗೆದು ಸ್ವೆಟರಿನ ಅಂಚಿಗೆ ಒರೆಸುತ್ತ. ಕನ್ನಡಕವಿಲ್ಲದ ಅವನ ಕಣ್ಣುಗಳು ಪರಿಚಯವಿಲ್ಲದ ಊರಿಗೆ ಬಂದಿಳಿದವರ ಹಾಗೆ ಕಾಣುತ್ತಿದ್ದವು. "ಕೀಲ್‌ನಲ್ಲಿ ಒಂದು ಶಾಲೇಲಿ ಕೆಲಸ ಖಾಲಿ ಇದೆಯಂತೆ. ಅಕ್ಕ ಅಲ್ಲೇ ಇದಾಳಲ್ಲ, ಅವಳೇ ಮಾತಾಡಿದಾಳೆ. ಬಾ ಬಾ ಅಂತ ಒಂದೇ ಸಮ."

ಇರ್ಮಾಳ ಕೈಯಲ್ಲಿದ್ದ ಲೋಟ ಹಲಗೆಯ ಗುಳಿಯನ್ನು ಹುಡುಕಿತು. ಸಿಗಲಿಲ್ಲ.

"ಯಾವಾಗ?"

"ಬರೋ ವಾರ ಮುಗಿದ ಮೇಲೆ, ಸೋಮವಾರ ಹೆಡ್‌ಮೇಷ್ಟ್ರಿಗೆ ಹೇಳಬೇಕು. ಹೋಗ್ತೀನೋ, ಇಲ್ವೋ."

ಕೀಲ್ ಎಂದರೆ ದೇಶದ ಇನ್ನೊಂದು ತುದಿ, ಸಮುದ್ರದ ಬಾಯಿ. ಭೂಗೋಳದ ಮೇಡಂಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಹೋಗಬೇಡಿ ಎನ್ನುವುದು ಎಷ್ಟು ಚಿಕ್ಕ ಮಾತು! ಬಾಯಿ ತೆರೆದಳು. ಅಷ್ಟು ವರ್ಷ ಪಳಗಿದ ನಾಲಿಗೆ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿಯಿತು.

"ಹೋಗಿ ಮತ್ತೆ. ಮೀನು ಚೆನ್ನಾಗಿ ಸಿಗುತ್ತಂತೆ. ಬಿಯರ್ ಮಾತ್ರ ಮೀನು ತೊಳೆದ ನೀರು."

ಸೆವೆರಿನ್ ಕನ್ನಡಕ ಹಾಕಿಕೊಂಡ. ಅವಳನ್ನೇ ನೋಡಿದ.

"ಅಷ್ಟೇನಾ?"

"ಇನ್ನೇನು?"

"ಏನಿಲ್ಲ."

ಕೌಂಟರಿನಲ್ಲಿ ಸಿಲ್ಕೆ ಒಣಗಿದ ಲೋಟವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಕೋಟು ಹಾಕಿಕೊಳ್ಳುವಾಗ ಇರ್ಮಾ ಗೋಡೆಗೆ ಹೇಳುವಂತೆ ಹೇಳಿದಳು:

"ನೀವು ಹೋಗೋ ಮೊದಲು ನಿಮ್ಮೂರಿನ ಆ ತಿಳಿನೀರನ್ನೂ ಒಂದು ಸಲ ನೋಡಿಬಿಡ್ತೀನಿ. ರುಚಿ ನೋಡದೆ ಬಯ್ದೆ ಅಂತ ನಾಳೆ ನೀವು ಕೀಲ್‌ನಲ್ಲಿ ಕೂತು ಹೇಳ್ಕೊಂಡು ತಿರುಗೋದು ಬೇಡ."

"ಕೋಲ್ನ್‌ಗೆ? ನೀವಾ?" ಸೆವೆರಿನ್‌ನ ಹುಬ್ಬು ಹಣೆಯ ಮೇಲಕ್ಕೆ ಹೋಯಿತು. "ವೀಸಾ ಮಾಡಿಸ್ಕೊಳ್ಳಿ ಮೇಡಂ."

*

ಮುಂದಿನ ಶುಕ್ರವಾರ ಶಾಲೆ ಬಿಟ್ಟು ಮನೆಗೆ ಹೋಗಿ, ಕೋಟು ಬದಲಿಸಿ ಮತ್ತೆ ಹತ್ತಿದ ರೈಲಿನಲ್ಲಿ ಇರ್ಮಾ ಒಂದೇ ಒಂದು ವಾಕ್ಯವನ್ನು ಮನಸ್ಸಿನಲ್ಲಿ ಮಡಿಚಿ ಇಟ್ಟುಕೊಂಡು ಕೂತಿದ್ದಳು. ಹೋಗಬೇಡಿ. ಅದನ್ನು ಚೆಲ್ಲದ ಹಾಗೆ ಕೋಲ್ನ್‌ವರೆಗೆ ಒಯ್ಯಬೇಕು, ಅಷ್ಟೇ ಕೆಲಸ. ಲೆವರ್‌ಕೂಸನ್ ದಾಟಿತು. ಅಷ್ಟು ವರ್ಷ ಅವಳು ಇಳಿಯುತ್ತಿದ್ದ ಜಾಗ. ಇಂದು ಏನೋ ತಪ್ಪು ಮಾಡುತ್ತಿರುವವಳಂತೆ ಇಳಿಯದೆ ಕೂತಳು.

ಸೆವೆರಿನ್ ಹೇಳಿದ್ದ ಬಿಯರ್ ಮನೆ ಊರಿನ ದಕ್ಷಿಣದ ಹಳೆಯ ಬಡಾವಣೆಯಲ್ಲಿತ್ತು. ಉಜ್ಜಿ ಉಜ್ಜಿ ಬೆಳ್ಳಗಾದ ಮರದ ಮೇಜುಗಳು, ಕೌಂಟರಿನ ಮೇಲೆ ಬೊಜ್ಜು ಹೊತ್ತು ಮಲಗಿದ ಪೀಪಾಯಿ, ಕಿವಿ ತುಂಬುವ ಗಲಾಟೆ. ನಮ್ಮೂರಿನ ಹಾಗೇ ಇದೆ ಎಂದು ಮನಸ್ಸು ಹೇಳಿತು. ಛೀ, ಎಂದಳು ಮನಸ್ಸಿಗೆ.

ಗೋಡೆಯ ಪಕ್ಕದ ಮೇಜಿನಲ್ಲಿ ಸೆವೆರಿನ್ ಇದ್ದ. ಬಾಗಿಲ ಗಾಳಿ ಬೀಸುವ ಕಡೆಯ ಕುರ್ಚಿಯಲ್ಲೇ. ಪಕ್ಕದ ದೊಡ್ಡ ಮೇಜಿನಲ್ಲಿ ಅವನ ಸೋದರಮಾವ ಯುಪ್, ಇನ್ನೊಂದಷ್ಟು ಮುದುಕರು. ಸೆವೆರಿನ್‌ನ ಅಪ್ಪ, ಅಜ್ಜ ಎಲ್ಲ ಅದೇ ಮೇಜಿನಲ್ಲಿ ಕೂತು ಕುಡಿದವರಂತೆ.

ಅವಳು ಕೋಟು ಬಿಚ್ಚುವಷ್ಟರಲ್ಲಿ ಬಡಿಸುವವನು ಬಂದ. ಮಾಥೆಸ್ ಅಂತ ಅವನ ಹೆಸರು. ನೀಲಿ ಏಪ್ರನ್, ಸೊಂಟಕ್ಕೆ ಚರ್ಮದ ಚೀಲ, ಕೈಯಲ್ಲಿ ತೆಳ್ಳನೆಯ ಲೋಟಗಳನ್ನು ಸುತ್ತ ಜೋಡಿಸಿದ ದುಂಡನೆಯ ತಟ್ಟೆ. ಕೋಲ್ನ್‌ನ ಬಿಯರ್ ಮನೆಗಳಲ್ಲಿ ಬಡಿಸುವವರಿಗೆ ರಾಜನಾದರೂ ಒಂದೇ, ಕೂಲಿಯವನಾದರೂ ಒಂದೇ. ಎಲ್ಲರಿಗೂ ಏಕವಚನ, ಎಲ್ಲರಿಗೂ ಬೈಗುಳ.

"ಏನಮ್ಮಾ, ಕುಡಿಯೋಕೆ ಬಂದ್ಯಾ, ಕೋಟು ತೋರಿಸೋಕೆ ಬಂದ್ಯಾ? ಬೇಗ ಹೇಳು, ಕೈ ನೋಯುತ್ತೆ."

ಅವಳ ಬಾಯಿಯಲ್ಲಿ ಇದ್ದದ್ದು ಆ ಒಂದೇ ವಾಕ್ಯ. ಅದನ್ನು ಇವನಿಗೆ ಹೇಳುವಂತಿಲ್ಲ. ಗಡಿಬಿಡಿಯಲ್ಲಿ, ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ಕೂತು ಕೇಳಿ ಕೇಳಿ ಹಲ್ಲಿಗಂಟಿದ ಮಾತು ತಾನಾಗಿ ಹೊರಬಿತ್ತು.

"ಒಂದು ಆಲ್ಟ್."

ಪಕ್ಕದ ಮೇಜಿನಲ್ಲಿ ನಗುತ್ತಿದ್ದವನ ನಗು ನಡುವೆಯೇ ನಿಂತಿತು. ಆ ಮೌನ ಹಿಂದಿನ ಮೇಜಿಗೆ ಹೋಯಿತು, ಅಲ್ಲಿಂದ ಬಾಗಿಲಿನವರೆಗೆ. ಯಾರೋ ಒಬ್ಬ ಬಾಯಿಗೆ ಹಾಕಿಕೊಳ್ಳುತ್ತಿದ್ದ ಫೋರ್ಕನ್ನು ಹಾಗೇ ಗಾಳಿಯಲ್ಲಿ ಹಿಡಿದ.

"ಏನಂದೆ?" ಎಂದ ಮಾಥೆಸ್, ಬಹಳ ಮೆತ್ತಗೆ.

ಇರ್ಮಾಳ ಕಿವಿಯ ತುದಿ ಬಿಸಿಯಾಯಿತು.

"ಆಲ್ಟಾ?" ಮಾಥೆಸ್ ಸುತ್ತ ಕೂತವರ ಕಡೆ ತಿರುಗಿದ. "ಸ್ವಲ್ಪ ಕಾಯಬೇಕಾಗುತ್ತಮ್ಮಾ. ಒಳಗೆ ಈಗ ತಾನೆ ನೆಲ ಒರೆಸ್ತಾ ಇದಾರೆ. ಬಕೆಟ್ ತುಂಬಿದ ಮೇಲೆ ತಂದುಕೊಡ್ತೀನಿ!"

ಸೂರು ಹಾರುವಂಥ ನಗು. "ದೋಣಿ ದಾರಿ ತಪ್ಪಿ ಬಂತೇನೋ!" ಎಂದು ಒಬ್ಬ. "ಯಾವ ದೋಣಿಯೋ, ಈಜಿಕೊಂಡೇ ಬಂದಿರಬೇಕು!" ಎಂದು ಇನ್ನೊಬ್ಬ. ಮಾವ ಯುಪ್ ಮೇಜು ಕುಟ್ಟಿ ಕುಟ್ಟಿ ನಗುತ್ತಿದ್ದ.

ಬೇರೆ ದಿನವಾಗಿದ್ದರೆ ಇರ್ಮಾ ಆ ಇಡೀ ಬಿಯರ್ ಮನೆಯನ್ನೇ ಮಡಿಚಿ ಅವರ ಕೈಗೆ ಕೊಡುತ್ತಿದ್ದಳು. ಇಂದು ಅವಳ ನಾಲಿಗೆ ಆ ಇನ್ನೊಂದು ಮಾತಿಗೆ ಕಾವಲು ಕೂತಿತ್ತು. ಬಿಚ್ಚಿದ ಕೋಟನ್ನು ಮತ್ತೆ ಹಾಕಿಕೊಳ್ಳಲೆಂದು ಕೈ ತೋಳನ್ನು ಹುಡುಕಿತು.

ಸೆವೆರಿನ್ ಎದ್ದು ನಿಂತ.

"ಮಾಥೆಸ್! ಕೇಳಿದ್ದು ನಾನು."

"ಏನನ್ನ?"

"ಆಲ್ಟ್. ಅದು ನನಗೆ." ಪಾಠ ಹೇಳುವ ದನಿ. ಕೊನೆಯ ಬೆಂಚಿನವರಿಗೂ ಕೇಳುವಂಥದ್ದು. "ನನ್ನ ಬಾಯಲ್ಲಿ ಹೇಳೋಕೆ ನಾಚಿಕೆಯಾಯ್ತು, ಅದಕ್ಕೇ ಇವರ ಕೈಲಿ ಹೇಳಿಸಿದೆ. ಇವರಿಗೆ ಕೋಲ್ಷ್ ಕೊಡು. ನನಗೆ ಆಲ್ಟ್."

ಈ ಸಲ ಯಾರೂ ನಗಲಿಲ್ಲ. ಊರಿನ ಹೊರಗಿನವರು ಹಾಗೆ ಕೇಳಿದರೆ ತಮಾಷೆ. ಊರಿನ ಮಗ ಕೇಳಿದರೆ ಅದಕ್ಕೆ ಹೆಸರಿಲ್ಲ.

"ಲೋ," ಎಂದ ಯುಪ್, ಎದೆಯ ಮೇಲೆ ಕೈಯಿಟ್ಟುಕೊಂಡು, "ನಿಮ್ಮಪ್ಪ ಈ ಮೇಜಿನಲ್ಲಿ ಕೂತು ಕುಡಿದವನು ಕಣೋ!"

"ಗೊತ್ತು ಮಾವ."

"ಗೋರಿಯೊಳಗೆ ಮಗ್ಗುಲು ಬದಲಾಯಿಸಿರ್ತಾನೆ ಅವನು!"

"ಬದಲಾಯಿಸಲಿ ಮಾವ. ಒಂದೇ ಮಗ್ಗುಲಲ್ಲಿ ಮಲಗಿ ಬಹಳ ದಿನ ಆಯ್ತು."

ಮಾಥೆಸ್ ಸೆವೆರಿನ್‌ನ ಮುಖವನ್ನು ನೋಡಿದ, ಆಮೇಲೆ ಇರ್ಮಾಳ ಕೈಯಲ್ಲಿದ್ದ ಕೋಟನ್ನು ನೋಡಿದ. ಒಳಗೆ ಹೋಗಿ ಬಂದ. ಸೆವೆರಿನ್‌ನ ಮುಂದೆ ಒಂದು ಲೋಟ ನಲ್ಲಿ ನೀರು ಇಟ್ಟ. ಅದರ ಪಕ್ಕ ಒಂದು ಸೋಪು. ಸೋಪಿನ ಪಕ್ಕ, ನೀಟಾಗಿ ಮಡಿಚಿದ ಟವೆಲು.

"ತಗೋ. ನಮ್ಮಲ್ಲಿ ಆಲ್ಟ್ ಇದೇ."

ಸೆವೆರಿನ್ ನಿಂತುಕೊಂಡೇ ಇಡೀ ಲೋಟ ನೀರನ್ನು ಕುಡಿದ. ಟವೆಲಿನಿಂದ ಬಾಯಿ ಒರೆಸಿಕೊಂಡ.

"ಪರವಾಗಿಲ್ಲ," ಎಂದ. "ಅವರೂರಿನಲ್ಲಿ ಮಾಡೋದಕ್ಕಿಂತ ಗಟ್ಟಿಯಾಗಿದೆ."

ಹಾಲ್ ಮತ್ತೆ ನಗತೊಡಗಿತು. ಅವನ ಜೊತೆ ಸೇರಿ ನಗುವ ನಗು. ಫೋರ್ಕು ಬಾಯಿಗೆ ಹೋಯಿತು, ಲೋಟಗಳು ತಾಕಿದವು. ಇರ್ಮಾ ಕುರ್ಚಿಯ ತುದಿಯಲ್ಲಿ ಕೂತಳು. ಕೋಟು ಮಡಿಲಲ್ಲೇ ಇತ್ತು. ಮಾಥೆಸ್ ಅವಳ ಮುಂದೆ ಒಂದು ರಟ್ಟಿನ ಬಿಲ್ಲೆ ಎಸೆದು, ಅದರ ಮೇಲೆ ಕೋಲ್ಷ್ ಇಟ್ಟ. ಸೆವೆರಿನ್‌ಗೂ ಒಂದು ಇಟ್ಟ. ಇನ್ನೊಂದು ಬಿಲ್ಲೆಯನ್ನು ಮಡಿಚಿ, ಮೊಣಕಾಲೂರಿ, ಅವಳ ಕಡೆಯ ಮೇಜಿನ ಕಾಲಿನ ಕೆಳಗೆ ತುರುಕಿದ.

"ಮೇಜು ಅಲ್ಲಾಡ್ತಿತ್ತು," ಎಂದ, ಯಾರನ್ನೂ ನೋಡದೆ. "ನಿಮ್ಮೂರಲ್ಲಾದ್ರೆ ಮನುಷ್ಯರೇ ಅಲ್ಲಾಡೋದಲ್ವಾ, ನಿನಗೆ ಗೊತ್ತಾಗಿರಲ್ಲ."

*

ಇರ್ಮಾ ಲೋಟವನ್ನು ಬೆಳಕಿಗೆ ಹಿಡಿದಳು. ಅವಳು ಬಯ್ಯುವ ಮೊದಲು ಮಾಡುವ ಪೂಜೆಯೇ ಅದು. ಹೊಂಬಣ್ಣ, ಸಣ್ಣ ಸಣ್ಣ ಗುಳ್ಳೆಗಳು ಅವಸರವಿಲ್ಲದೆ ಮೇಲೇರುತ್ತಿದ್ದವು. ಕುಡಿದಳು. ಬೆಳಗಿನ ಬೇಕರಿಯ ಮುಂದೆ ಹಾದುಹೋದಾಗ ಬರುವಂಥ ಒಂದು ವಾಸನೆ, ಕೊನೆಯಲ್ಲಿ ಸ್ವಲ್ಪವೇ ಕಹಿ. ತಂಪಾಗಿ ಇಳಿಯಿತು.

"ಹೇಗಿದೆ ಮೇಡಂ?"

"ನೀರು."

"ಹೌದಾ?"

"ಬಿಯರ್ ಪೀಪಾಯಿ ತೊಳೆದ ನೀರು. ಎರಡನೇ ಸಲ ತೊಳೆದದ್ದು."

"ಲೋಟ ಖಾಲಿಯಾಗಿದೆಯಲ್ಲ."

"ಚೆಲ್ಲೋದು ಬೇಡ ಅಂತ."

ಮಾಥೆಸ್ ಹಾದುಹೋಗುತ್ತ ಖಾಲಿ ಲೋಟ ಎತ್ತಿ ತುಂಬಿದ ಲೋಟ ಇಟ್ಟ. ಇಲ್ಲಿ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಕುಡಿಯುವವರು ತಮ್ಮ ರಟ್ಟಿನ ಬಿಲ್ಲೆಯನ್ನು ಎತ್ತಿ ಲೋಟದ ಮೇಲೆ ಮುಚ್ಚುವವರೆಗೂ ಬಿಯರ್ ಬರುತ್ತಲೇ ಇರುತ್ತದೆ. ಮುಚ್ಚಿದರೆ ಸಾಕು ಎಂದರ್ಥ. ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಹೆಂಡತಿಯಾದರೂ ಮುಟ್ಟುವುದಿಲ್ಲ. ಕೋಲ್ನ್ ಮತ್ತು ಡ್ಯುಸೆಲ್ಡಾರ್ಫ್ ಜಗಳವಾಡದೆ ಒಪ್ಪಿಕೊಂಡ ಒಂದೇ ಒಂದು ಕಾನೂನು ಅದು.

ರೈ ಬ್ರೆಡ್ಡು, ಚೀಸು, ಹಸಿ ಈರುಳ್ಳಿ ಬಂತು. ಸೆವೆರಿನ್ ಅಭ್ಯಾಸಬಲದಿಂದ ಬ್ರೆಡ್ಡಿನ ಮೇಲಿನ ಉಪ್ಪಿನ ಹರಳುಗಳನ್ನು ಕೆರೆಯತೊಡಗಿದ. ಚಾಕು ಸರ ಸರ ಎನ್ನುತ್ತಿತ್ತು. ಇರ್ಮಾ ಅವನ ಬೆರಳುಗಳನ್ನು ನೋಡಿದಳು. ಹೆಬ್ಬೆರಳಿನ ಮೇಲೆ ಯಾವುದೋ ಆಸಿಡ್ ಬಿದ್ದ ಹಳೆಯ ಕಲೆ. ಕೀಲ್‌ನಲ್ಲಿ ಯಾರ ಬ್ರೆಡ್ಡಿನ ಉಪ್ಪು ಕೆರೆಯುತ್ತವೋ ಇವು ಎಂದುಕೊಂಡಳು.

"ಯಾಕೆ ಹಾಗೆ ಮಾಡಿದ್ರಿ?"

"ಏನನ್ನ?"

"ಅಷ್ಟು ಜನರ ಎದುರಿಗೆ. ನಿಮ್ಮ ಮಾವ ಇನ್ನೂ ಎದೆ ಹಿಡ್ಕೊಂಡಿದಾರೆ ನೋಡಿ."

"ಮಾವನದು ಗ್ಯಾಸು," ಎಂದ ಸೆವೆರಿನ್. ಬ್ರೆಡ್ಡಿನ ತಟ್ಟೆಯನ್ನು ಅವಳ ಕಡೆ ತಳ್ಳಿದ. "ಹೇಗೂ ಹೋಗೋನಲ್ವಾ ಮೇಡಂ. ಹೋಗೋನ ಮಾನ ಹೋದ್ರೆಷ್ಟು, ಇದ್ರೆಷ್ಟು?"

"ಅಂದ್ರೆ ಹೋಗೋದೇ ಖಾಯಂ."

"ಚಳಿಗಾಲದಲ್ಲಿ ಅಮ್ಮ ತೀರಿಕೊಂಡ ಮೇಲೆ ಮನೇಲಿ ಗಡಿಯಾರದ ಸದ್ದು ಒಂದೇ. ಅಕ್ಕ ಕರೀತಿದಾಳೆ. ಇಲ್ಲಿ ಇರು ಅನ್ನೋರು ಯಾರಿದಾರೆ ಹೇಳಿ? ಶುಕ್ರವಾರ ಒಂದು ಬಿಟ್ರೆ ನನಗೆ ಈ ಊರಲ್ಲಿ..." ನಿಲ್ಲಿಸಿದ. ಕನ್ನಡಕ ತೆಗೆಯಲು ಹೋಗಿ, ತೆಗೆಯದೆ, ಕೈ ಕೆಳಗಿಳಿಸಿದ. "ಆ ಶುಕ್ರವಾರಾನೂ ಹೋಗಿ ಅಂತಲ್ಲ."

ಈಗ ಹೇಳು ಎಂದಿತು ಮನಸ್ಸು. ಇರ್ಮಾ ಬಾಯಿ ತೆರೆದಳು. ಬಂದದ್ದು ಇಷ್ಟೇ: "ಮೀನು... ಮೀನಿನ ಬಗ್ಗೆ ಹೇಳಿದ್ದೆ ನಾನು."

"ಹ್ಞೂಂ. ಮೀನು ಚೆನ್ನಾಗಿರುತ್ತೆ ಅಂತ."

ಸೆವೆರಿನ್ ತನ್ನ ಲೋಟದಲ್ಲಿದ್ದುದನ್ನು ಮುಗಿಸಿದ. ಕೆಳಗಿದ್ದ ರಟ್ಟಿನ ಬಿಲ್ಲೆಯನ್ನು ಎತ್ತಿ, ತುಂಬ ನಿಧಾನವಾಗಿ, ಅಂಚಿಗೆ ಅಂಚು ಸರಿಹೊಂದುವ ಹಾಗೆ, ಖಾಲಿ ಲೋಟದ ಮೇಲೆ ಮುಚ್ಚಿದ.

"ಸಾಕು," ಎಂದ.

ಆ ಬಿಲ್ಲೆ ಅಲ್ಲಿ ಹಾಗೆ ಕೂತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಮಾಥೆಸ್ ಬಂದು ಅದನ್ನು ನೋಡಿ ಲೆಕ್ಕ ಮಾಡುತ್ತಾನೆ, ಇಬ್ಬರೂ ಎದ್ದು ಸ್ಟೇಷನ್ನಿಗೆ ನಡೆಯುತ್ತಾರೆ. ಅವಳ ರೈಲು ಉತ್ತರಕ್ಕೆ. ಸೋಮವಾರ ಅವನು ಹೆಡ್‌ಮೇಷ್ಟ್ರ ಬಾಗಿಲು ತಟ್ಟುತ್ತಾನೆ. ಅಷ್ಟು ವರ್ಷ ಹಲಗೆಯ ಮೇಲೆ ಬಂದು ಹೋದ ಲೋಟಗಳೆಲ್ಲ ಖಾಲಿ.

ಮಾಥೆಸ್ ತಟ್ಟೆ ಹಿಡಿದು ಬಂದ. ಬಿಲ್ಲೆ ಕಂಡಿತು. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದ.

ಇರ್ಮಾ ಕೈ ಚಾಚಿದಳು. ಸೆವೆರಿನ್‌ನ ಲೋಟದ ಮೇಲಿನ ಬಿಲ್ಲೆಯನ್ನು ಎತ್ತಿದಳು. ಎತ್ತಿ, ಮೇಜಿನ ಮೇಲೆ ಪಟ್ಟೆಂದು ಇಟ್ಟಳು.

ಪಕ್ಕದ ಮೇಜಿನಲ್ಲಿ ಯಾರೋ ಹಾ ಎಂದರು. ಆಲ್ಟ್ ಕೇಳಿದಾಗಲೂ ಹಾಗೆಂದಿರಲಿಲ್ಲ.

"ಏ," ಎಂದ ಮಾಥೆಸ್. "ಏನಿದು?"

"ಇವರಿಗೆ ಸಾಕಾಗಿಲ್ಲ," ಎಂದಳು ಇರ್ಮಾ.

"ಯಾರು ಹೇಳಿದ್ದು?"

"ನಾನು."

"ಇವನ ಬಿಲ್ಲೆ ಎತ್ತೋಕೆ ನೀನು ಯಾರಮ್ಮ?"

ಇರ್ಮಾ ಸೆವೆರಿನ್‌ನ ಕಡೆ ತಿರುಗಿದಳು. ರೈಲಿನಿಂದ ಹೊತ್ತು ತಂದ ಆ ಮಾತು ಎಲ್ಲಿ ಬಿದ್ದು ಹೋಗಿತ್ತೋ, ಹುಡುಕಲಿಲ್ಲ. ಅವಳ ಹಳೆಯ ನಾಲಿಗೆಯೇ ವಾಪಸು ಬಂದಿತ್ತು. ಅದನ್ನೇ ನಂಬಿದಳು.

"ಮೇಷ್ಟ್ರೇ, ಇಷ್ಟು ವರ್ಷದಲ್ಲಿ ನಾನು ಒಂದಾದ್ರೂ ಬಿಯರನ್ನ ಹೊಗಳಿದೀನಾ?"

"ಇಲ್ಲ."

"ಒಂದಾದ್ರೂ ಲೋಟಾನ ಅರ್ಧಕ್ಕೆ ಬಿಟ್ಟಿದೀನಾ?"

ಅವನು ಯೋಚಿಸಿದ. ಅವನು ಪ್ರಾಮಾಣಿಕ ಮನುಷ್ಯ, ನಿಜವಾಗಿಯೂ ಯೋಚಿಸಿದ. "ಇಲ್ಲ," ಎಂದ. "ಆ ಉಪ್ಪು ಕೊತ್ತಂಬರಿಯದನ್ನೂ ಬಿಡಲಿಲ್ಲ."

"ಆ ದರಿದ್ರ ಸಾರನ್ನೂ ಬಿಡಲಿಲ್ಲ. ನನ್ನ ಗಂಡ ಅಂತ ಒಬ್ಬ ಇದ್ದ. ಎಲ್ಲಾನೂ ಅದ್ಭುತ ಅಂತ ಹೊಗಳ್ತಾ ಹೊಗಳ್ತಾ ಅರ್ಧಕ್ಕೆ ಬಿಟ್ಟು ಎದ್ದು ಹೋದ. ನನಗೆ ಹಾಗೆ ಬರಲ್ಲ ಮೇಷ್ಟ್ರೇ. ನಿಮ್ಮ ಊರು ಕೆಟ್ಟದು. ನಿಮ್ಮ ಬಿಯರ್ ನೀರು. ಆ ಸ್ವೆಟರ್ ಅಂತೂ ನಿಮ್ಮಜ್ಜನದಿರಬೇಕು. ಇದನ್ನೆಲ್ಲ ನಾನು ಪ್ರತಿ ವಾರ ಹೇಳಬೇಕು. ನೀವು ಕೀಲ್‌ಗೆ ಹೋಗಿ ಕೂತ್ರೆ ಯಾರಿಗೆ ಹೇಳಲಿ?" ಅವಳ ದನಿ ಒಂದು ಮೆಟ್ಟಿಲು ಜಾರಿತು. "ಹೋಗಬೇಡಿ."

ಹೇಳಿಬಿಟ್ಟಿದ್ದಳು. ಅದು ಎಷ್ಟು ಚಿಕ್ಕ ಮಾತು ಎಂದು ಅವಳಿಗೆ ಮತ್ತೊಮ್ಮೆ ಆಶ್ಚರ್ಯವಾಯಿತು.

ಸೆವೆರಿನ್ ಕನ್ನಡಕ ತೆಗೆದ. ಸ್ವೆಟರಿನ ಅಂಚಿಗೆ ಒರೆಸಿದ. ಒರೆಸುತ್ತಲೇ ಇದ್ದ. ಈ ಸಲ ಮಸುಕಾಗಿದ್ದದ್ದು ಗಾಜಲ್ಲ.

"ಆಯ್ತಾ?" ಎಂದ ಮಾಥೆಸ್. "ಇಡ್ಲಾ, ಬೇಡ್ವಾ? ನನ್ನ ಕೈ ಬಿದ್ದು ಹೋಗ್ತಾ ಇದೆ ಇಲ್ಲಿ."

"ಇಡು," ಎಂದ ಸೆವೆರಿನ್.

ಮಾಥೆಸ್ ಇಟ್ಟ. ಖಾಲಿ ಲೋಟ ತೆಗೆದ. ಇರ್ಮಾ ಎತ್ತಿ ಇಟ್ಟಿದ್ದ ಬಿಲ್ಲೆಯನ್ನು ಬೆರಳ ತುದಿಯಿಂದ ತಳ್ಳಿ, ತುಂಬಿದ ಲೋಟದ ಕೆಳಗೆ ಸರಿಪಡಿಸಿದ. ಪೆನ್ಸಿಲ್ ಕಿವಿಯ ಸಂದಿಗೆ ಹೋಯಿತು.

"ಸ್ವೆಟರ್ ವಿಷಯದಲ್ಲಿ ಅವಳು ಹೇಳಿದ್ದು ಸರಿ," ಎಂದು ಗೊಣಗುತ್ತ ಮುಂದಿನ ಮೇಜಿಗೆ ನಡೆದ.

ಆಮೇಲೆ ಸೆವೆರಿನ್‌ನ ಕೈ ಮೇಜಿನ ಮೇಲೆ ಸರಿಯಿತು. ಅವಳ ಕೈ ಅಲ್ಲೇ ಇತ್ತು, ತೆಗೆಯಲಿಲ್ಲ. ಆಸಿಡ್ಡಿನ ಕಲೆ ಮುಟ್ಟಿದರೆ ಗೊತ್ತಾಗುವುದಿಲ್ಲ, ಮೃದುವಾಗಿಯೇ ಇದೆ ಎಂದು ಅವಳಿಗೆ ತಿಳಿಯಿತು.

"ಸೋಮವಾರ ಹೆಡ್‌ಮೇಷ್ಟ್ರಿಗೆ ಏನಂತ ಹೇಳ್ತೀರಿ?"

"ಭೂಗೋಳದ ಮೇಡಂ ನನ್ನ ಬಿಲ್ಲೆ ಎತ್ತಿಬಿಟ್ರು, ಇನ್ನು ನನ್ನ ಕೈಲಿ ಏನೂ ಇಲ್ಲ ಅಂತ."

"ಅಕ್ಕನಿಗೆ?"

"ಮೀನು ಪಾರ್ಸೆಲ್ ಕಳಿಸು ಅಂತ."

ಇರ್ಮಾ ನಕ್ಕಳು. ನಗಬಾರದೆಂದು ತುಟಿ ಬಿಗಿಹಿಡಿದದ್ದೂ ಸಾಲದೆ ಹೋಯಿತು. "ಮುಂದಿನ ಶುಕ್ರವಾರ ನಮ್ಮೂರಿಗೆ ಬರಬೇಕು. ಬಿಯರ್ ಅಂದ್ರೆ ಏನು ಅಂತ ತೋರಿಸ್ತೀನಿ. ಬಾಯಿ ತಪ್ಪಿ ಕೋಲ್ಷ್ ಅಂತೇನಾದ್ರೂ ಕೇಳಿದ್ರೋ, ನಾನು ನಿಮ್ಮ ಪರ ಎದ್ದು ನಿಲ್ಲಲ್ಲ. ಮೊದಲೇ ಹೇಳಿದೀನಿ."

"ನಿಲ್ತೀಯ ಇರ್ಮಾ," ಎಂದ ಸೆವೆರಿನ್.

ಅಷ್ಟು ವರ್ಷದಲ್ಲಿ ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಈ ಸಲ ಇರ್ಮಾ ಬಯ್ಯದೆಯೇ ಲೋಟ ಎತ್ತಿ ಕುಡಿದಳು, ಪೂರ್ತಿ.

ಹೊರಡುವಾಗ ಅವನು ಅವಳಿಗೆ ಕೋಟು ಹಿಡಿದ, ಮೊದಲು ಬಲ ಭುಜದ ಕಡೆ. ದೊಡ್ಡ ಮೇಜಿನ ಪಕ್ಕ ಹಾದುಹೋಗಬೇಕಿತ್ತು. ಯುಪ್ ತನ್ನ ದಪ್ಪ ಬೆರಳಿನಿಂದ ಸೋದರಳಿಯನ ತೋಳು ಹಿಡಿದು ನಿಲ್ಲಿಸಿದ. ಮುದುಕರೆಲ್ಲ ಲೋಟ ಕೆಳಗಿಟ್ಟು ಕಿವಿ ನಿಮಿರಿಸಿದರು.

"ಈಗಲಾದ್ರೂ ಹೇಳೋ. ಯಾರೋ ಇವಳು?"

"ಡ್ಯುಸೆಲ್ಡಾರ್ಫ್‌ನವಳು ಮಾವ," ಎಂದ ಸೆವೆರಿನ್.

ಆ ಊರಿನ ಹೆಸರನ್ನು ಆ ಮನೆಯೊಳಗೆ ಅಷ್ಟು ಮೆಲ್ಲಗೆ, ಅಷ್ಟು ಜೋಪಾನವಾಗಿ ಯಾರೂ ಯಾವತ್ತೂ ಹೇಳಿರಲಿಲ್ಲ. ಯುಪ್‌ಗೆ ಬಯ್ಯಲು ಒಂದು ಮಾತು ಸಿದ್ಧವಿತ್ತು. ಅದನ್ನು ನುಂಗಿ, ಪಕ್ಕಕ್ಕೆ ಸರಿದು, ಅವಳಿಗೆ ದಾರಿ ಬಿಟ್ಟ.